ಹನ್ನೊಂದನೇ ನಂಬರಿನ ಚೀಟಿ

ಬಡ್ಡಿ ಎಂದರೇನು, ಷೇರು ಎಂದರೇನು, ಡಿವಿಡೆಂಡು ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಕೈಲಿರುವ ಕೆಲಸ ಬಿಟ್ಟು ಹೇಳಿಕೊಡುತ್ತೇನೆ. ಕೇಳದಿದ್ದರೂ ಹೇಳುತ್ತೇನೆ ಎಂದು ಮನೆಯವರು ಆಡಿಕೊಳ್ಳುವುದುಂಟು. ಆದರೆ ಈ ಮಾತುಗಳನ್ನೆಲ್ಲ ನನಗೆ ಮೊದಲು ಹೇಳಿಕೊಟ್ಟವನು ನನ್ನ ಅಣ್ಣ. ಅವನಿಗೆ ಜಯನಗರದಲ್ಲಿ ಒಂದು ಸೈಟು ಆಗಬೇಕಿತ್ತು. ಆಗಲಿಲ್ಲ. ಆಗದಂತೆ ಮಾಡಿದವನು ನಾನು, ಅದೂ ಮೂರು ರೂಪಾಯಿ ಲಾಭಕ್ಕೆ. ಅದನ್ನು ಬಚ್ಚಿಟ್ಟುಕೊಂಡು ಊರಿಗೆಲ್ಲ ಬುದ್ಧಿ ಹೇಳುತ್ತ ಕೂರುವುದು ಸರಿಯಲ್ಲ ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಬಸವನಗುಡಿಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸ. ಸೀಸದ ಅಕ್ಷರಗಳನ್ನು ಗೂಡಿನಿಂದ ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಬೇಕು. ಆ ಪ್ರೆಸ್ಸಿಗೆ ಮದುವೆ ಕಾಗದಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ಕಂಪನಿಗಳ ವಾರ್ಷಿಕ ಲೆಕ್ಕಪತ್ರ, ಷೇರುದಾರರ ಸಭೆಯ ನೋಟೀಸು, ಬ್ಯಾಂಕಿನ ಠೇವಣಿ ನಿಯಮಗಳು. ಅಣ್ಣ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿ ಓದಿದವನು. ಇಂಗ್ಲಿಷ್ ಅಕ್ಷರ ಬಲ್ಲ, ಅರ್ಥ ತಿಳಿಯದು. ತಾನು ದಿನವಿಡೀ ಜೋಡಿಸುವ ಮಾತಿಗೆ ಅರ್ಥ ಏನೆಂದು ಗೊತ್ತಿಲ್ಲದಿರುವುದು ಅವನಿಗೆ ಅವಮಾನವೆನಿಸುತ್ತಿತ್ತು. ಪ್ರೂಫ್ ನೋಡುವವರ ಹತ್ತಿರ ದಿನಕ್ಕೊಂದು ಮಾತು ಕೇಳಿ ತಿಳಿದುಕೊಳ್ಳುವನು. ಮಸಿ ಹರಡಿ ಕೆಟ್ಟುಹೋದ ಹಾಳೆಗಳನ್ನು ಮನೆಗೆ ತರುವನು. ನಾವಿದ್ದ ವಠಾರದ ಮನೆಯಲ್ಲಿ ಅಡುಗೆಯ ಹಲಗೆಯ ಮೇಲೆ ಹಾಸಿದ್ದು ಅವೇ ಹಾಳೆಗಳು. ರಾಗಿಹಿಟ್ಟಿನ ಡಬ್ಬಿ ಎತ್ತಿದರೆ ಕೆಳಗೆ ಯಾವುದೋ ಹತ್ತಿ ಗಿರಣಿಯ ಲಾಭನಷ್ಟ ಕಾಣುತ್ತಿತ್ತು.

ನನಗೆ ಷೇರು ಎಂದರೇನು ಎಂದು ಅವನು ಹೇಳಿಕೊಟ್ಟದ್ದು ಊಟಕ್ಕೆ ಕುಳಿತಾಗ.

"ನಾಲ್ಕು ಜನ ಸೇರಿ ಒಂದು ಎಮ್ಮೆ ತಗೊಂಡ್ರು ಅಂದ್ಕೊ. ಒಂದು ಕಾಲು ನಿಂದು. ಅದೇ ಷೇರು."

"ಹಾಲು?"

"ಹಾಲಲ್ಲಿ ನಿನ್ನ ಪಾಲು ಬರುತ್ತಲ್ಲ, ಅದು ಡಿವಿಡೆಂಡು. ಎಮ್ಮೆ ಹಾಲು ಬಿಟ್ರೆ ಕಾಲು ಹಿಡ್ಕೊಂಡು ಕೂತಿರು."

"ಸಗಣಿ ಬಾಚೋರು ಯಾರಂತೆ?" ಎಂದರು ಒಲೆಯ ಮುಂದಿದ್ದ ಅತ್ತಿಗೆ.

"ಅದು ಮ್ಯಾನೇಜ್‌ಮೆಂಟು ಕಣೇ."

"ಸರಿ ಹಾಗಾದ್ರೆ, ಈ ಮನೇಲಿ ಮ್ಯಾನೇಜ್‌ಮೆಂಟು ನಾನೇ."

ಮುಖಬೆಲೆ ಬೇರೆ, ಕೈಗೆ ಸಿಗುವ ಬೆಲೆ ಬೇರೆ ಎಂಬುದನ್ನೂ ಅವನೇ ಹೇಳಿಕೊಟ್ಟ. ಕಾಗದದ ಮೇಲೆ ನೂರು ಎಂದು ಅಚ್ಚಾಗಿರುತ್ತದೆ, ನಿನಗೆ ದುಡ್ಡಿನ ತುರ್ತು ಬಿದ್ದ ದಿನ ಅದಕ್ಕೆ ಎಪ್ಪತ್ತೂ ಹುಟ್ಟುವುದಿಲ್ಲ ಎಂದ. ನಾನು ತಲೆಯಾಡಿಸಿದೆ. ಅರ್ಥವಾಯಿತು ಎಂದೇ ಆಗ ಅಂದುಕೊಂಡಿದ್ದೆ.

ನನ್ನ ವ್ಯಾಪಾರ ಹಳೆಯ ಬಾಗಿಲು ಕಿಟಕಿಗಳದ್ದು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಹಳೆಯ ಬಂಗಲೆ ಕೆಡವುವ ಸುದ್ದಿ ಸಿಕ್ಕಿದರೆ ಸೈಕಲ್ಲು ಹತ್ತಿ ಹೋಗಿ ಮರಮುಟ್ಟು ಕೊಂಡು, ಎತ್ತಿನ ಗಾಡಿಯಲ್ಲಿ ಸಿದ್ದಾಪುರದ ಹತ್ತಿರ ನಾನು ಬೇರೆ ಮನೆ ಮಾಡಿಕೊಂಡಿದ್ದ ಅಂಗಳಕ್ಕೆ ತಂದು, ಉಜ್ಜಿ ಎಣ್ಣೆ ಹಚ್ಚಿ, ಜಯನಗರದಲ್ಲಿ ಹೊಸ ಮನೆ ಕಟ್ಟುವವರಿಗೆ ಮಾರುವುದು. ಸ್ವಂತ ಕಾಲಿನ ಮೇಲೆ ನಿಂತವನು ಎಂದು ನಾನು ಹೇಳಿಕೊಳ್ಳುತ್ತೇನೆ. ಮೊದಲ ಬಾಗಿಲು ಕೊಳ್ಳಲು ಕೊಟ್ಟ ನಲವತ್ತು ರೂಪಾಯಿ ಅಣ್ಣನದು ಎಂಬುದನ್ನು ಹೇಳಲು ಮರೆಯುತ್ತೇನೆ. ಚೌಕಾಸಿ ಮಾತ್ರ ನಾನೇ ಕಲಿತದ್ದು. ಈಗಲೂ ಯಾರಿಗೆ ಬೇಕಾದರೂ ಹೇಳಿಕೊಡಬಲ್ಲೆ: ಎದುರಿನವನ ಬಾಯಿ ನೋಡಬೇಡಿ, ಅವನು ಎಲ್ಲಿ ತಡೆದು ನಿಲ್ಲುತ್ತಾನೆ ನೋಡಿ. ನಿಂತವನು ಎದ್ದು ಹೋದರೆ ಅದು ಅವನ ಗಡಿ. ನಿಂತೂ ಎದ್ದು ಹೋಗದಿದ್ದರೆ ಅವನಿಗೆ ಅಗತ್ಯವಿದೆ. ಇನ್ನೂ ಹಿಂಡಬಹುದು.

ಆಗಿನ ಜಯನಗರವೆಂದರೆ ಕೆಮ್ಮಣ್ಣಿನ ಅಗಲ ರಸ್ತೆಗಳು, ನಂಬರು ಬರೆದು ನೆಟ್ಟ ಕಲ್ಲುಗಳು, ನಡುನಡುವೆ ಒಂದೊಂದು ಹೊಸ ಮನೆ. ಯಡಿಯೂರು ಕೆರೆಯ ಕಡೆ ಹೋದರೆ ಇನ್ನೂ ರಾಗಿ ಹೊಲ. ಅಲ್ಲಿ ಒಂದು ಸೈಟಿಗೆ ಅರ್ಜಿ ಹಾಕುತ್ತೇನೆ ಎಂದು ಅಣ್ಣ ಒಂದು ದಿನ ಹೇಳಿದಾಗ ನಾನು ನಕ್ಕುಬಿಟ್ಟೆ.

"ಹಗಲೊತ್ತಲ್ಲೇ ನರಿ ಓಡಾಡ್ತವೆ ಅಲ್ಲಿ. ದುಡ್ಡನ್ನ ಕಲ್ಲಿನ ಕೆಳಗೆ ಹೂತಿಡ್ತೀಯಾ? ನನ್ನ ವ್ಯಾಪಾರಕ್ಕೆ ಹಾಕಣ್ಣ, ವರ್ಷಕ್ಕೆ ನೂರಕ್ಕೆ ಹನ್ನೆರಡು ಕೊಡ್ತೀನಿ."

"ನೂರಕ್ಕೆ ಹನ್ನೆರಡಕ್ಕೆ ಚಾವಣಿ ಇರಲ್ವಲ್ಲೋ" ಎಂದ ಅಣ್ಣ.

"ಚಾವಣಿ ಬಾಡಿಗೆಗೆ ಸಿಗುತ್ತೆ."

"ಇವಳು ಹನ್ನೆರಡು ವರ್ಷದಿಂದ ಹನ್ನೊಂದು ಮನೆಯೋರ ಜೊತೆ ಒಂದೇ ನಲ್ಲಿ ಮುಂದೆ ನಿಂತಿದ್ದಾಳೆ" ಎಂದು ಅತ್ತಿಗೆಯ ಕಡೆ ನೋಡಿದ. ಆಮೇಲೆ ಆ ಮಾತು ಎತ್ತಲಿಲ್ಲ. ನನ್ನ ಬುದ್ಧಿಮಾತು ಕೇಳಿ ಸುಮ್ಮನಾದ ಎಂದುಕೊಂಡೆ.

ಅವನು ಸುಮ್ಮನಾಗಿರಲಿಲ್ಲ. ನನಗೆ ಹೇಳದೆ ಅರ್ಜಿ ಹಾಕಿದ್ದ. ಸೈಟು ಮಂಜೂರಾಗಿತ್ತು. ಅತ್ತಿಗೆಯ ಎರಡು ಬಳೆ ಅಡವಿಟ್ಟು ಮೊದಲ ಕಂತು ಕಟ್ಟಿದ್ದರು. ಉಳಿದ ನಾನೂರು ರೂಪಾಯಿಯನ್ನು ಹೇಳಿದ ತಿಂಗಳ ಕೊನೆಯೊಳಗೆ ಕಟ್ಟಬೇಕು, ಇಲ್ಲದಿದ್ದರೆ ಸೈಟು ಪಟ್ಟಿಯಲ್ಲಿ ಮುಂದಿನವರಿಗೆ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ.

ಈಗ ಚೀಟಿಯ ವಿಷಯ. ಜಯನಗರದ ಮೊದಲ ಸಾಲಿನ ಮನೆಗಳಲ್ಲಿದ್ದ ಒಬ್ಬ ನಿವೃತ್ತ ಮೇಷ್ಟರು ಒಂದು ಚೀಟಿ ನಡೆಸುತ್ತಿದ್ದರು. ಇಪ್ಪತ್ತು ಜನ, ತಲಾ ಇಪ್ಪತ್ತೈದು ರೂಪಾಯಿ, ಇಪ್ಪತ್ತು ತಿಂಗಳು. ಪ್ರತಿ ತಿಂಗಳು ಐನೂರು ಸೇರುತ್ತದೆ. ಆ ಐನೂರು ಯಾರಿಗೆ ಎಂಬುದು ಕೂಗಿನಲ್ಲಿ ತೀರ್ಮಾನ. "ನನಗೆ ಐವತ್ತು ಕಡಿಮೆ ಕೊಟ್ಟರೂ ಸಾಕು" ಎಂದು ಒಬ್ಬ, "ನನಗೆ ಅರವತ್ತು ಕಡಿಮೆ ಇರಲಿ" ಎಂದು ಇನ್ನೊಬ್ಬ. ಹೆಚ್ಚು ಬಿಟ್ಟುಕೊಟ್ಟವನಿಗೆ ಚೀಟಿ. ಬಿಟ್ಟ ದುಡ್ಡಿನಲ್ಲಿ ಮೇಷ್ಟರಿಗೆ ಇಪ್ಪತ್ತೈದು, ಉಳಿದದ್ದು ಇಪ್ಪತ್ತು ಜನಕ್ಕೂ ಸಮ ಪಾಲು. ಅಂದರೆ ಒಬ್ಬನ ತುರ್ತು ಹೆಚ್ಚಿದಷ್ಟೂ ಮಿಕ್ಕವರ ಪಾಲು ಹೆಚ್ಚು. ಚೀಟಿಗೆ ಸೇರುವವರು ಇದನ್ನು ಮೊದಲು ತಿಳಿದುಕೊಳ್ಳಬೇಕು. ನಾನು ತಿಳಿದುಕೊಂಡಿದ್ದೆ. ನನ್ನದು ಏಳನೇ ನಂಬರು. ಕೊನೆಯ ಚೀಟಿಯನ್ನೇ ಎತ್ತಬೇಕು, ಒಂದು ಪೈಸೆ ಬಿಟ್ಟುಕೊಡದೆ ಐನೂರನ್ನೂ ಪೂರ್ತಿ ಎಣಿಸಿಕೊಳ್ಳಬೇಕು ಎಂಬ ಹಟ ನನಗೆ. ಹಾಗೆಂದು ಮಿಕ್ಕ ತಿಂಗಳು ಸುಮ್ಮನೆ ಕೂರುತ್ತಿರಲಿಲ್ಲ. ಎತ್ತುವ ಮನಸ್ಸಿಲ್ಲದಿದ್ದರೂ ಕೂಗುತ್ತಿದ್ದೆ. ಬೇಕಾದವರನ್ನು ಮೇಲೆ ಮೇಲೆ ಏರಿಸಿ ಸರಿಯಾದ ಜಾಗದಲ್ಲಿ ಬಿಟ್ಟುಬಿಡುವುದು. ಒಂದು ಕೂಗು ಹೆಚ್ಚಾದರೆ ಚೀಟಿ ನಮ್ಮ ತಲೆಗೇ ಬರುತ್ತದೆ, ಆ ಭಯವೇ ಅದರ ರುಚಿ.

ಅತ್ತಿಗೆಯ ಹೆಸರಿನಲ್ಲಿ ಅಣ್ಣನೂ ಅದೇ ಚೀಟಿಗೆ ಸೇರಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಅವರ ದುಡ್ಡು ಮೇಷ್ಟರ ಹೆಂಡತಿಯ ಕೈಗೆ ಹಿತ್ತಲಿನಿಂದ ಹೋಗುತ್ತಿತ್ತು. ಮೇಷ್ಟರು ಪುಸ್ತಕದಲ್ಲಿ ಓದುತ್ತಿದ್ದದ್ದು ನಂಬರು ಮಾತ್ರ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೇಗ ಚೀಟಿ ಎತ್ತುವವರ ಮನೆಯಲ್ಲಿ ಏನೋ ತೊಂದರೆ ಎಂದು ಜನ ಆಡಿಕೊಳ್ಳುತ್ತಿದ್ದ ಕಾಲ. ಹಾಗಾಗಿ ಮುಖ ತೋರಿಸಲು ಇಷ್ಟವಿಲ್ಲದವರು ಹಿತ್ತಲ ಬಾಗಿಲಿನಿಂದ ಬಂದು ಅಡುಗೆಮನೆಯಲ್ಲಿ ಕೂರುವುದು, ಅವರ ಪರವಾಗಿ ಮೇಷ್ಟರ ಹೆಂಡತಿ ನಡುಬಾಗಿಲಿಗೆ ಬಂದು ಮೊತ್ತ ಹೇಳುವುದು. ಒಳಗೆ ಯಾರಿದ್ದಾರೆ ಎಂದು ಹೊರಗಿನವರು ಕೇಳುವಂತಿಲ್ಲ. ಮರ್ಯಾದೆಗಾಗಿ ಮಾಡಿಕೊಂಡಿದ್ದ ಏರ್ಪಾಡು.

ಆರನೇ ತಿಂಗಳ ಭಾನುವಾರ ಸಂಜೆ ನಾಲ್ಕು ಗಂಟೆ. ಪಡಸಾಲೆಯಲ್ಲಿ ಚಾಪೆಯ ಮೇಲೆ ಹದಿನಾಲ್ಕೋ ಹದಿನೈದೋ ಜನ. ಮೇಷ್ಟರು "ಹನ್ನೊಂದನೇ ನಂಬರು ಒಳಗಿದ್ದಾರೆ" ಎಂದರು. ಕೂಗು ನಲವತ್ತಕ್ಕೆ ಶುರುವಾಯಿತು. ದಿನಸಿ ಅಂಗಡಿಯವರೊಬ್ಬರು ಎಂಬತ್ತರ ತನಕ ಬಂದು ಕೈ ಬಿಟ್ಟರು. ನಾನು ತೊಂಬತ್ತು ಎಂದೆ. ಮೇಷ್ಟರ ಹೆಂಡತಿ ಒಳಗೆ ಹೋಗಿ ಬಂದು "ನೂರು" ಎಂದರು.

"ನೂರಾ ಹತ್ತು" ಎಂದೆ.

ಅವರು ಒಳಗೆ ಹೋದರು. ಬರಲಿಲ್ಲ. ಮೇಷ್ಟರು ನಶ್ಯದ ಡಬ್ಬಿ ತೆಗೆದು ಮುಚ್ಚಿದರು. ನಾನು ಮನಸ್ಸಿನಲ್ಲೇ ಹೇಳಿಕೊಂಡೆ: ನಿಂತ, ಇವನ ಗಡಿ ನೂರು, ಆದರೆ ಎದ್ದು ಹೋಗುತ್ತಿಲ್ಲ. ಆಕೆ ಬಂದು "ನೂರಾ ಇಪ್ಪತ್ತು" ಎಂದಾಗ ಪಕ್ಕದಲ್ಲಿದ್ದ ದಿನಸಿಯವರ ತೊಡೆ ತಟ್ಟಿದೆ.

"ಬಿಡಪ್ಪಾ ಸಾಕು, ಯಾರೋ ಪಾಪ ಕಷ್ಟದಲ್ಲಿದ್ದಾರೆ" ಎಂದರು ಅವರು.

"ಕಷ್ಟ ಇಲ್ದೋರು ಚೀಟಿ ಎತ್ತುತ್ತಾರಾ ಸ್ವಾಮಿ? ನಿಮ್ಮ ಪಾಲು ಬೇಡ ಅಂದ್ರೆ ನನಗೆ ಕೊಡಿ" ಎಂದೆ ಜೋರಾಗಿ. ಎಲ್ಲರೂ ನಕ್ಕರು. ನನ್ನ ದನಿ ಮೊದಲಿನಿಂದಲೂ ದೊಡ್ಡದು. ಅಡುಗೆಮನೆಗೆ ಏನು, ಬೀದಿಗೂ ಕೇಳಿಸಿರಬೇಕು.

ನೂರಾ ಮೂವತ್ತು ಎಂದೆ. ಒಳಗಿನಿಂದ ನೂರಾ ನಲವತ್ತು. ನೂರಾ ಐವತ್ತು ಎಂದೆ. ಈ ಸಲ ಆಕೆ ಹೊರಗೆ ಬಂದು ಮೊತ್ತ ಹೇಳುವ ಮೊದಲು ನನ್ನ ಮುಖವನ್ನೇ ನೋಡಿದರು. ಆ ನೋಟವನ್ನು ನಾನು ಸಿಟ್ಟು ಎಂದುಕೊಂಡೆ. "ನೂರಾ ಅರವತ್ತು." ಅಲ್ಲಿಗೆ ನಿಲ್ಲಿಸಿದೆ. ಚೀಟಿ ಹನ್ನೊಂದನೇ ನಂಬರಿಗೆ, ಕೈಗೆ ಮುನ್ನೂರ ನಲವತ್ತು.

ಲೆಕ್ಕ ನೋಡಿ. ಕೂಗು ನೂರಕ್ಕೇ ನಿಂತಿದ್ದರೆ ನನ್ನ ಪಾಲು ಮೂರು ರೂಪಾಯಿ ಹನ್ನೆರಡಾಣೆ. ನಯಾಪೈಸೆ ಬಂದಿದ್ದರೂ ನಮ್ಮ ಬಾಯಿಗೆ ಆಣೆಯೇ ರೂಢಿ. ಈಗ ಆರು ರೂಪಾಯಿ ಹನ್ನೆರಡಾಣೆ. ನನ್ನ ಜಾಣತನದಿಂದ ಬಂದದ್ದು ಮೂರು ರೂಪಾಯಿ.

ಮಾರನೆಯ ಬೆಳಿಗ್ಗೆ, ಪ್ರೆಸ್ಸಿಗೆ ಹೋಗುವ ಮುಂಚೆ, ಅಣ್ಣ ನನ್ನ ಅಂಗಳಕ್ಕೆ ಬಂದ. ಹಾಗೆ ಬರುವವನಲ್ಲ. ಸುಮ್ಮನೆ ಒಂದು ಹಲಗೆಯ ಮೇಲೆ ಕುಳಿತ. ನಾನು ಕಾಫಿ ತರಿಸಿದೆ. ಏನು ಬಂದೆ ಎಂದು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ.

"ನಿನ್ನೆ ಚೀಟಿ ಕತೆ ಕೇಳಣ್ಣ. ಯಾವನೋ ಒಬ್ಬ ಒಳಗೆ ಕೂತಿದ್ದ. ನೂರಕ್ಕೆ ನಿಂತ. ನಿಂತಾಗ್ಲೇ ಗೊತ್ತಾಯ್ತು, ಇವನು ಬಿಡಲ್ಲ ಅಂತ. ಹಿಂಡಿದೆ ನೋಡು, ನೂರಾ ಅರವತ್ತಕ್ಕೆ ಏರಿಸಿದೆ."

"ಅವನಿಗೆ ಎಷ್ಟು ಬೇಕಿತ್ತಂತೆ?"

"ಅದನ್ನ ನಾನ್ಯಾಕೆ ಕೇಳ್ಲಿ?"

"ಅರವತ್ತು ಹೋಯ್ತಲ್ಲೋ ಅವನಿಗೆ."

"ಎಲ್ಲಿಗೆ ಹೋಯ್ತು? ಇಪ್ಪತ್ತು ಮನೆಗೆ ಹಂಚಿಹೋಯ್ತು. ಅದೇ ಡಿವಿಡೆಂಡು. ನೀನೇ ಹೇಳ್ಕೊಟ್ಟಿದ್ದಲ್ವಾ?"

"ಹೌದು" ಎಂದ. "ನಾನೇ ಹೇಳ್ಕೊಟ್ಟಿದ್ದು."

ನಾನು ಅಷ್ಟಕ್ಕೇ ಬಿಡಲಿಲ್ಲ. ಅಗತ್ಯವಿದ್ದವನು ಅದನ್ನು ತೋರಿಸಿಕೊಳ್ಳಬಾರದು, ತೋರಿಸಿಕೊಂಡರೆ ಕೆಟ್ಟ ಎಂದು ಅವನಿಗೇ ಉಪದೇಶ ಮಾಡಿದೆ. ಅಣ್ಣ ಕಾಫಿ ಕುಡಿದು ಎದ್ದ. ಗೋಡೆಗೆ ಒರಗಿಸಿದ್ದ ಜೋಡಿ ಬಾಗಿಲಿನ ಹತ್ತಿರ ನಿಂತು, ಸೀಸದ ಕಪ್ಪು ಕೂತ ಬೆರಳಿನಿಂದ ಅದರ ಹಿತ್ತಾಳೆಯ ಗುಬಟುಗಳನ್ನು ಒಂದೊಂದಾಗಿ ಮುಟ್ಟಿದ.

"ಇದೆಷ್ಟೋ?"

"ತೇಗ. ಬೇರೆಯವರಿಗೆ ನಲವತ್ತೈದು. ನಿನಗಾದ್ರೆ ಮೂವತ್ತು. ಯಾಕೆ, ವಠಾರಕ್ಕೆ ಹೊಸ ಬಾಗಿಲು ಇಡಿಸ್ತೀಯಾ?"

"ಸುಮ್ನೆ ಕೇಳಿದೆ" ಎಂದು ನಕ್ಕು, ಪ್ರೆಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ. ಆ ಬಾಗಿಲನ್ನು ನಾನು ಅದೇ ವಾರ ನಲವತ್ತೆರಡಕ್ಕೆ ಮಾರಿದೆ.

ನಾನೂರಕ್ಕೆ ಕಡಿಮೆ ಬಿದ್ದ ಅರವತ್ತಕ್ಕೆ ಅಣ್ಣ ಏನು ಮಾಡಿದನೆಂದು ಆಮೇಲೆ ಅತ್ತಿಗೆಯಿಂದ ತಿಳಿಯಿತು. ಪ್ರೆಸ್ಸಿನ ಯಜಮಾನರ ಹತ್ತಿರ ಆಗಲೇ ಮುಂಗಡ ತೆಗೆದಿದ್ದ. ಇನ್ನಿಬ್ಬರನ್ನು ಕೇಳಿದ. ಒಬ್ಬರು ಹತ್ತು ಕೊಟ್ಟರು, ಇನ್ನೊಬ್ಬರು ಬರುವ ತಿಂಗಳು ಎಂದರು. ಸೈಟು ಹಂಚುವ ಕಚೇರಿಗೆ ಹೋಗಿ ಇನ್ನಷ್ಟು ಗಡುವು ಕೇಳಿದ. ಅಲ್ಲಿದ್ದವರು ಮರ್ಯಾದೆಯಿಂದಲೇ ನಿಯಮ ತೋರಿಸಿದರು. ತಿಂಗಳು ಮುಗಿಯಿತು. ಕಟ್ಟಿದ್ದ ಕಂತು ಸ್ವಲ್ಪ ಕಡಿತವಾಗಿ ವಾಪಸು ಬಂತು. ಸೈಟು ಬೇರೆಯವರಿಗೆ ಹೋಯಿತು. ಮುನ್ನೂರ ನಲವತ್ತನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕಿದ. ಮುಂದಿನ ಬೇಸಗೆಯಲ್ಲಿ ಅತ್ತಿಗೆಗೆ ಟೈಫಾಯಿಡ್ ಆಗಿ ಅದೂ ಕರಗಿತು. ಕೈಗೆ ಬಾರದ ಸೈಟಿಗಾಗಿ ಎತ್ತಿದ ಚೀಟಿಯ ಕಂತನ್ನು ಮಾತ್ರ ಒಂದು ತಿಂಗಳೂ ತಪ್ಪಿಸದೆ ಹದಿನಾಲ್ಕು ತಿಂಗಳು ಕಟ್ಟಿದ. ಆ ಹದಿನಾಲ್ಕು ತಿಂಗಳೂ ನಾನು ಪಡಸಾಲೆಯಲ್ಲಿ ಕುಳಿತು ಕೂಗುತ್ತಲೇ ಇದ್ದೆ.

ಇಪ್ಪತ್ತನೇ ತಿಂಗಳು, ಅಂದುಕೊಂಡಂತೆಯೇ ಕೊನೆಯ ಚೀಟಿ ನನಗೆ. ಮೇಷ್ಟರು ಐನೂರು ಎಣಿಸಿಕೊಟ್ಟರು. ಅವರ ಹೆಂಡತಿ ಒಂದು ತಟ್ಟೆಯಲ್ಲಿ ಎಲೆ ಅಡಿಕೆ ತಂದಿಟ್ಟು ಹೇಳಿದರು:

"ನಿಮ್ಮಣ್ಣ ದೊಡ್ಡ ಮನುಷ್ಯರಪ್ಪ. ಬೇರೆಯವರಾಗಿದ್ರೆ ಅವತ್ತೇ ಎದ್ದು ಬಂದು ಕಪಾಳಕ್ಕೆ ಬಿಡೋರು."

"ನಮ್ಮಣ್ಣ ಎಲ್ಲಿ ಬಂದ್ರು ಇಲ್ಲಿಗೆ?"

ಆಕೆ ಗಂಡನ ಮುಖ ನೋಡಿದರು. ನನಗೆ ಗೊತ್ತಿರಬಹುದು, ಅಣ್ಣ ತಮ್ಮ ಮಾತಾಡಿಕೊಂಡಿರುತ್ತಾರೆ ಎಂದು ತಿಳಿದಿದ್ದರು ಪಾಪ. ಆಮೇಲೆ ಮೆಲ್ಲಗೆ ಎಲ್ಲ ಹೇಳಿದರು. ನೂರು ದಾಟಿದಾಗ "ಸಾಕು ಬಿಡಿ, ಎದ್ದುಹೋಗಿ" ಎಂದು ಆಕೆಯೇ ಹೇಳಿದ್ದರಂತೆ. ಅಣ್ಣ "ಈ ತಿಂಗಳು ತಪ್ಪಿದ್ರೆ ಸೈಟು ಹೋಗುತ್ತೆ ತಾಯಿ, ಇಷ್ಟಾದ್ರೂ ಬರ್ಲಿ, ಉಳಿದಿದ್ದು ಹೇಗೋ ಹೊಂದಿಸ್ತೀನಿ" ಎಂದನಂತೆ. ಕೂಗುತ್ತಿರುವುದು ನಿಮ್ಮ ತಮ್ಮ ಅಲ್ಲವೇ, ನಾನು ಹೋಗಿ ಒಂದು ಮಾತು ಹೇಳಲೇ ಎಂದು ಕೇಳಿದರೆ, "ಬೇಡ, ಅಷ್ಟು ಜನರ ಮುಂದೆ ಅವನಿಗೆ ಅವಮಾನ ಆಗುತ್ತೆ" ಎಂದನಂತೆ.

ನೇರವಾಗಿ ವಠಾರಕ್ಕೆ ಹೋದೆ. ಅಣ್ಣ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ. ಐನೂರು ರೂಪಾಯಿಯನ್ನು ಮೊರದ ಪಕ್ಕ ಇಟ್ಟೆ.

"ಏನೋ ಇದು? ಚೀಟಿ ನಿಂದಲ್ವಾ?"

"ಒಳಗಿದ್ದದ್ದು ನೀನು ಅಂತ ಗೊತ್ತಿರ್ಲಿಲ್ಲಣ್ಣ."

ಅವನು ಇನ್ನೊಂದು ಕಾಯಿ ಸುಲಿದ. "ಗೊತ್ತಿದ್ರೆ ಕೂಗ್ತಿರ್ಲಿಲ್ಲ. ಅದು ನನಗ್ಗೊತ್ತಿಲ್ವಾ?"

"ಕೂಗಿನ ಮಾರನೇ ದಿನ ಅಂಗಳಕ್ಕೆ ಬಂದಿದ್ಯಲ್ಲ. ಆಗಾದ್ರೂ ಕೇಳ್ಬಹುದಿತ್ತು."

"ಕೇಳಕ್ಕೇ ಬಂದಿದ್ದೆ. ನೀನು ಖುಷಿಯಾಗಿದ್ದೆ."

ದುಡ್ಡನ್ನು ಅವನು ಮುಟ್ಟಲಿಲ್ಲ. ಮಾರನೆಯ ದಿನವೇ ನಾನು ಆ ಸೈಟನ್ನು ಹುಡುಕಿಕೊಂಡು ಹೋದೆ. ಪಾಯ ಎದ್ದಿತ್ತು. ಮಾಲೀಕರನ್ನು ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದೆ, ಹೇಳಿದ ಬೆಲೆಗೆ ತೆಗೆದುಕೊಳ್ಳುತ್ತೇನೆ ಎಂದೆ. ಜೀವನದಲ್ಲಿ ಮೊದಲ ಸಲ ಹಾಗೆ ಹೇಳಿದ್ದು. ಅವರು ಮಾರುವುದಿಲ್ಲ ಎಂದರು. ಸುತ್ತಲಿನ ಬೇರೆ ಸೈಟುಗಳ ಬೆಲೆ ಆಗಲೇ ಎರಡರಷ್ಟಾಗಿತ್ತು. ಎರಡು ವರ್ಷ ಬಿಟ್ಟು ನಾನೊಂದು ಕೊಂಡು ಅಣ್ಣನ ಹೆಸರಿಗೆ ಬರೆಸುತ್ತೇನೆ ಎಂದಾಗ, "ನಿನ್ನ ದುಡ್ಡಿನ ಮನೇಲಿ ನನಗೆ ನಿದ್ದೆ ಬರಲ್ಲ, ನಿನ್ನ ಮಕ್ಕಳಿಗೆ ಇರ್ಲಿ" ಎಂದ. ಸಿಟ್ಟಿನಿಂದಲ್ಲ, ಷೇರು ಎಂದರೇನು ಎಂದು ಹೇಳಿಕೊಟ್ಟ ದನಿಯಲ್ಲೇ.

ಅರವತ್ತರ ದಶಕ ಮುಗಿಯುವ ಮುಂಚೆ, ಅದೇ ವಠಾರದ ಅದೇ ಮನೆಯಲ್ಲಿ ಅವನು ತೀರಿಕೊಂಡ. ಹದಿಮೂರನೆಯ ದಿನದ ಊಟ ಮುಗಿದು ನೆಂಟರು ಹೊರಟ ಮೇಲೆ ನಾನು, ಅತ್ತಿಗೆ ಇಬ್ಬರೇ ಜಗಲಿಯ ಮೇಲೆ ಕುಳಿತಿದ್ದೆವು. ನಲ್ಲಿಯ ಮುಂದೆ ಕೊಡಗಳ ಸಾಲಿತ್ತು. ಅವರ ಕೊಡವೂ ಅದರಲ್ಲಿತ್ತು.

"ಒಂದು ಮಾತು ಕೇಳ್ಬೇಕು ಅಂತ ಆವಾಗಿಂದ ಇತ್ತಪ್ಪಾ" ಎಂದರು. "ಕೇಳ್ಬೇಡ, ನೊಂದ್ಕೊತಾನೆ ಅಂದಿದ್ರು ನಿಮ್ಮಣ್ಣ. ಇನ್ನು ತಡೆಯೋರು ಯಾರು?"

"ಕೇಳಿ ಅತ್ತಿಗೆ."

"ಆವತ್ತು ಮೂರು ರೂಪಾಯಿ ಜಾಸ್ತಿ ಬಂತಂತಲ್ಲ ನಿನಗೆ. ಅದ್ರಲ್ಲಿ ಏನ್ ತಗೊಂಡೆ?"

ಚುಚ್ಚುವುದಕ್ಕೆ ಕೇಳಿದ್ದಲ್ಲ. ತಮ್ಮ ಮನೆ ಹೋದ ಮೇಲೆ ಅದರ ಬದಲಿಗೆ ಏನು ಬಂತು ಎಂದು ತಿಳಿದುಕೊಳ್ಳುವ ಆಸೆ, ಅಷ್ಟೇ. ಒಂದು ರವಿಕೆಯ ಕಣವೋ, ಮಕ್ಕಳಿಗೆ ಮಿಠಾಯಿಯೋ, ಏನಾದರೂ ಒಂದು ಇದ್ದಿರಬೇಕಲ್ಲ.

ನಾನು ಮಾರಿದ ಪ್ರತಿಯೊಂದು ಬಾಗಿಲಿನ ಬೆಲೆ ನನಗೆ ನೆನಪಿದೆ. ದಂಡಿನ ಬಂಗಲೆಯ ಬಣ್ಣದ ಗಾಜಿನ ಕಿಟಕಿ ಹದಿನೆಂಟು. ಅಣ್ಣ ಮುಟ್ಟಿ ನೋಡಿದ ತೇಗದ ಜೋಡಿ ನಲವತ್ತೆರಡು. ಕೊಂಡವರ ಮನೆ ಯಾವ ರಸ್ತೆಯಲ್ಲಿದೆ ಎಂದೂ ಹೇಳಬಲ್ಲೆ, ಈಗಲೂ ಆ ಕಡೆ ಹೋದರೆ ಆ ಬಾಗಿಲನ್ನು ನೋಡಿಕೊಂಡೇ ಬರುತ್ತೇನೆ. ಆದರೆ ಆ ಮೂರು ರೂಪಾಯಿ ಏನಾಯಿತು ಎಂದು ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲ ಅತ್ತಿಗೆ" ಎಂದೆ.

ಅಷ್ಟರಲ್ಲಿ ನಲ್ಲಿಯ ಹತ್ತಿರ ಅವರ ಸರದಿ ಬಂತೆಂದು ಯಾರೋ ಕೂಗಿದರು. ಅತ್ತಿಗೆ ಎದ್ದು ಹೋಗಿ ಕೊಡ ತುಂಬಿಸಿಕೊಂಡು ಬಂದರು.